ಕಾಲಂ ಇಲ್ಲದ ಉಕ್ಕಿನ ಬಳೆ

ಅಂದು ಮಾಡಿದ ಕೆಲಸಗಳು ಇವು. ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಲ್ಯಾಬಿನ ಬೀಗ ತೆಗೆದೆ. ರೋಟರಿ ಪಂಪಿನ ಎಣ್ಣೆ ಬದಲಾಯಿಸಿದೆ. ಹಳೆಯ ಎಣ್ಣೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಆರ್ಗಾನ್ ಸಿಲಿಂಡರಿನ ಒತ್ತಡ ನೋಡಿದೆ. ತಣ್ಣೀರಿನ ಕೊಳವೆ ಸೋರುತ್ತಿತ್ತು, ಬಿಗಿ ಮಾಡಿದೆ. ಚೇಂಬರಿನ ಒಳಗೋಡೆಯನ್ನು ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಮೂರು ಸಲ ಒರೆಸಿದೆ. ಸ್ಯಾಂಪಲ್ ಹಿಡಿದುಕೊಳ್ಳುವ ಉಕ್ಕಿನ ಬಳೆಯ ಸ್ಕ್ರೂ ಥ್ರೆಡ್ ಸವೆದುಹೋಗಿತ್ತು; ಅದನ್ನು ತೆಗೆದು ಆ ಜಾಗಕ್ಕೆ ಗ್ರಾಫೈಟಿನ ತಟ್ಟೆ ಕೂರಿಸಿದೆ. ಕಿಟಕಿಯ ಜೇಡರಬಲೆ ಹೊಡೆದೆ. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದೆ. ಮರುದಿನಕ್ಕೆ ಬೂದುಗುಂಬಳಕಾಯಿ, ಸೇವಂತಿಗೆ ಹೂವು ಹೇಳಿಟ್ಟೆ.

ಇದು 2002ರ ಅಕ್ಟೋಬರಿನಲ್ಲಿ, ಆಯುಧಪೂಜೆಯ ಹಿಂದಿನ ದಿನದ ಪಟ್ಟಿ. ಅವತ್ತೇ ಬರೆದಿದ್ದರೆ ಇಷ್ಟೆಲ್ಲ ಹೇಳುವ ಪ್ರಸಂಗವೇ ಇರುತ್ತಿರಲಿಲ್ಲ. ನಾನು ಇದನ್ನು ಬರೆದದ್ದು ಏಳು ವರ್ಷ ಕಳೆದ ಮೇಲೆ.

ಆಗ ನಾನು ಮೈಸೂರಿನ ಒಂದು ಭೌತಶಾಸ್ತ್ರ ವಿಭಾಗದ ಅಯಾನ್ ಬೀಮ್ ಲ್ಯಾಬಿನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದೆ. 1991ರಲ್ಲಿ ಸೇರಿದವಳು. ಲಕ್ಷ್ಮೀಪುರಂನ ನಮ್ಮ ಮನೆಯಿಂದ ಅಡುಗೆ ಮುಗಿಸಿ, ಅತ್ತೆಯವರ ಊಟ ಮುಚ್ಚಿಟ್ಟು, ಒಂಬತ್ತೂಕಾಲಿನ ಬಸ್ಸು ಹಿಡಿದು ಬರುತ್ತಿದ್ದೆ. ಕೆಲಸ ಹೆಸರಿಗೆ ಟೆಕ್ನಿಕಲ್. ನಿಜದಲ್ಲಿ ಅದು ಇನ್ನೊಂದು ಮನೆವಾರ್ತೆ. ಒರೆಸುವುದು, ತೊಳೆಯುವುದು, ಸೋರುವುದನ್ನು ನಿಲ್ಲಿಸುವುದು, ಬೆಳಿಗ್ಗೆ ಹೊತ್ತಿಸಿದ್ದನ್ನು ಸಂಜೆ ಆರಿಸುವುದು. ಜೊತೆಗೆ ಲಾಗ್‌ಬುಕ್ ಬರೆಯುವುದು. ಈ ಲಾಗ್‌ಬುಕ್ಕಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು.

ಲ್ಯಾಬಿನಲ್ಲಿ ಏನು ಮಾಡುತ್ತಿದ್ದೆವು ಎಂದು ಮೊದಲು ಹೇಳಿಬಿಡುತ್ತೇನೆ. ಪ್ರೆಶರ್ ಕುಕ್ಕರಿನ ನಾಲ್ಕರಷ್ಟು ದೊಡ್ಡದಾದ ಒಂದು ಉಕ್ಕಿನ ಚೇಂಬರು. ಕುಕ್ಕರಿನಲ್ಲಿ ಒತ್ತಡ ಏರಿಸುತ್ತೇವೆ, ಇದರಲ್ಲಿ ಪಂಪು ಹಾಕಿ ಗಾಳಿಯನ್ನೆಲ್ಲ ಎಳೆದುಬಿಡುತ್ತೇವೆ. ಮೇಲುಗಡೆ ಅಯಾನ್ ಗನ್. ಅದು ಆರ್ಗಾನ್ ಅನಿಲದ ಪರಮಾಣುಗಳಿಗೆ ವಿದ್ಯುದಂಶ ಕೊಟ್ಟು, ಅತಿವೇಗದಲ್ಲಿ ಕೆಳಕ್ಕೆ ಎಸೆಯುತ್ತದೆ. ಕೆಳಗೆ ಒಂದು ಸೆಂಟಿಮೀಟರ್ ಚೌಕದ ಸಿಲಿಕಾನ್ ಚೂರು, ಕನ್ನಡಿಯಷ್ಟು ನುಣುಪು. ಆರ್ಗಾನ್ ಕಣಗಳು ಬಡಿದಾಗ ಸಿಲಿಕಾನಿನ ಪರಮಾಣುಗಳು ಅಲ್ಲೊಂದು ಇಲ್ಲೊಂದು ಎಗರಿ ಬೀಳುತ್ತವೆ. ಮರಳುಗುಡ್ಡೆಗೆ ಕಲ್ಲೆಸೆದ ಹಾಗೆ. ಎಗರಿದ ಮೇಲೆ ಮೇಲ್ಮೈ ಬರೀ ಗುಂಡಿಗುಂಡಿಯಾಗಬೇಕು ತಾನೇ? ಆದರೆ ಕೆಲವು ಸಲ ಅದು ತಾನಾಗಿಯೇ ಒಂದು ವಿನ್ಯಾಸ ಹಾಕಿಕೊಳ್ಳುತ್ತದೆ. ಓರೆಯಾಗಿ ಬಡಿದರೆ ಹೊಳೆದಂಡೆಯ ಮರಳಿನಂತೆ ಸಾಲುಸಾಲು ಅಲೆ. ಇನ್ನು ಕೆಲವು ಸಲ, ತಟ್ಟೆಯ ಮೇಲೆ ಚಿರೋಟಿ ರವೆ ಹರಡಿದಂತೆ ಒತ್ತೊತ್ತಾಗಿ ಚುಕ್ಕಿಗಳು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಚುಕ್ಕಿಯ ಅಗಲ ಅಂಥ ಮೂವತ್ತು ನಲವತ್ತು ಪಾಲು. ಕಣ್ಣಿಗೆ ಕಾಣುವ ಮಾತೇ ಇಲ್ಲ. ಎಎಫ್‌ಎಂ ಎನ್ನುವ ಯಂತ್ರದಲ್ಲಿ, ಹಳೆಯ ಗ್ರಾಮಫೋನಿನ ಮುಳ್ಳಿನಂಥ ಅತಿಸಣ್ಣ ಮೊನೆ ಮೇಲ್ಮೈಯನ್ನು ಸವರಿಕೊಂಡು ಹೋಗಿ ಕಂಪ್ಯೂಟರಿನಲ್ಲಿ ಅದರ ಏರಿಳಿತದ ಚಿತ್ರ ಬಿಡಿಸುತ್ತದೆ. ಆ ಯಂತ್ರ ನಮ್ಮಲ್ಲಿಗೆ 2000ನೇ ಇಸವಿಯಲ್ಲಿ ಬಂತು.

ಭಾಗ್ಯ ಬಂದದ್ದು ಅದಕ್ಕೆ ಒಂದು ವರ್ಷ ಮುಂಚೆ. ಹಿನಕಲ್‌ನ ಹುಡುಗಿ, ಎಂಎಸ್‌ಸಿಯಲ್ಲಿ ಒಳ್ಳೆ ಅಂಕ ತೆಗೆದು ಪಿಎಚ್‌ಡಿಗೆ ಸೇರಿದ್ದಳು. ಅವರ ಮನೆಯಲ್ಲಿ ಎಮ್ಮೆ ಇದ್ದ ಕಾಲ ಅದು. ಸೋಮವಾರ ಸೋಮವಾರ ನನಗೊಂದು ಡಬ್ಬಿ ಮೊಸರು ತರುತ್ತಿದ್ದಳು. ಬಾಯಿ ಜೋರು. ಪಂಪು ಕೆಟ್ಟರೆ ಅದಕ್ಕೂ ಬೈಯುವಳು. "ಎಂಗೆ ಮಕ ಊದಿಸ್ಕೊಂಡವ್ನೆ ನೋಡಿ ಗಿರಿಜಕ್ಕ, ಇವತ್ತು ವ್ಯಾಕ್ಯೂಮ್ ಬರಾಕಿಲ್ಲ" ಎನ್ನುವಳು. ಹಾಗೆ ಅಂದ ದಿನ ನಿಜವಾಗಿಯೂ ವ್ಯಾಕ್ಯೂಮ್ ಬರುತ್ತಿರಲಿಲ್ಲ.

ನಮ್ಮ ಪ್ರೊಫೆಸರ್ ಒಂದು ನಿಯಮ ಮಾಡಿದ್ದರು. ಚೇಂಬರು ತೆರೆಯುವವಳು, ಸ್ಯಾಂಪಲ್ ಇಡುವವಳು ನಾನೊಬ್ಬಳೇ. ಹತ್ತು ಕೈ ಆಡಿದರೆ ಕೊಳೆಯಾಗುತ್ತದೆ ಎಂದು. ವಿದ್ಯಾರ್ಥಿಗಳು ಹೊರಗೆ ಕಂಟ್ರೋಲ್ ಪ್ಯಾನೆಲ್ ಮುಂದೆ ಕೂತು ಬೀಮಿನ ಶಕ್ತಿ, ಕರೆಂಟ್, ಕೋನ ಹೊಂದಿಸುತ್ತಿದ್ದರು. ಕೋನ ತಿರುಗಿಸುವ ಗುಬುಟೂ ಹೊರಗೇ ಇತ್ತು. ಲಾಗ್‌ಬುಕ್ಕಿನಲ್ಲಿ ಅಚ್ಚಾದ ಐದು ಕಾಲಂ: ಶಕ್ತಿ, ಕರೆಂಟ್, ಕೋನ, ಸಮಯ, ಒತ್ತಡ. ಭಾಗ್ಯ ಅಲ್ಲಿಂದ ಕೂಗಿ ಹೇಳುವಳು, ನಾನು ಇಲ್ಲಿ ಬರೆಯುವೆನು. ಅಂಕಿ ಅವಳ ಬಾಯಿಂದ ಬಂದದ್ದು, ಅಕ್ಷರ ನನ್ನದು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

2002ರ ಆಗಸ್ಟಿನಲ್ಲಿ ಭಾಗ್ಯನಿಗೆ ಚುಕ್ಕಿ ಬಂದವು. ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ, ನೇರ ಮೇಲಿನಿಂದ, ಇಪ್ಪತ್ತು ನಿಮಿಷ. ಎಎಫ್‌ಎಂ ಪರದೆಯ ಮೇಲೆ ಸಾಲುಸಾಲು ಉಬ್ಬುಗಳು ಮೂಡಿದಾಗ ಅವಳು ಕುರ್ಚಿಯಿಂದ ಎದ್ದು ನನ್ನ ಕೈ ಹಿಡಿದುಕೊಂಡು ಎಳೆದಳು. "ಬನ್ನಿ ಅಕ್ಕ, ಬನ್ನಿ, ರವೆ ಉಂಡೆ ಕಟ್ಬುಟ್ಟಿದೆ!" ಒಂದಲ್ಲ, ಮೂರು ಸ್ಯಾಂಪಲ್‌ಗಳಲ್ಲಿ ಬಂತು. ಹೊರದೇಶದ ಒಂದೆರಡು ಕಡೆ ಇಂಥದ್ದು ಕಂಡಿದ್ದಾರೆಂದು ಪ್ರೊಫೆಸರ್ ಹೇಳಿದರು, ಅವರೂ ಖುಷಿಯಾಗಿದ್ದರು. ಸೆಪ್ಟೆಂಬರಿನಲ್ಲಿ ಪೇಪರ್ ಬರೆದು ಜರ್ನಲ್ಲಿಗೆ ಕಳಿಸಿದರು.

ಆ ಪೇಪರಿನ ಮೇಲೆ ಬರೀ ಪಿಎಚ್‌ಡಿ ನಿಂತಿರಲಿಲ್ಲ. ಭಾಗ್ಯನ ತಂದೆ ಮದುವೆ ಮಾಡಲು ಅವಸರದಲ್ಲಿದ್ದರು. ಅವಳು ಅವರ ಹತ್ತಿರ ಒಂದೇ ಒಂದು ವರ್ಷ ಕೇಳಿಕೊಂಡಿದ್ದಳು. "ಈ ಪೇಪರ್ ಅಚ್ಚಾಗ್ಲಿ ಅಪ್ಪಯ್ಯ, ಆಗ್ದಿದ್ರೆ ನೀನು ತೋರ್ಸಿದ ಗಂಡ್ನೇ ಕಣ್ಮುಚ್ಕೊಂಡು ಮಾಡ್ಕೊತೀನಿ ಅಂದಿದ್ದೀನಿ ಗಿರಿಜಕ್ಕ" ಎಂದು ನಗುತ್ತಾ ಹೇಳಿದ್ದಳು. ನಗುತ್ತಾ ಹೇಳಿದ್ದರೂ ಅದು ನಿಜವಾದ ಕರಾರು.

ದಸರಾ ಬಂತು. ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ. ಮೂಲಾ ನಕ್ಷತ್ರದ ದಿನ ಸರಸ್ವತಿಯ ಪಟದ ಮುಂದೆ ಲಾಗ್‌ಬುಕ್ಕು, ಯಂತ್ರಗಳ ಮ್ಯಾನ್ಯುಯಲ್ಲು ಎಲ್ಲ ಇಟ್ಟುಬಿಡುತ್ತೇವೆ. ವಿಜಯದಶಮಿಯ ಪುನರ್ಪೂಜೆ ಆಗುವ ತನಕ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಮಕ್ಕಳು ಮನೆಯಲ್ಲಿ ಪುಸ್ತಕ ಇಟ್ಟು ಹಾಯಾಗಿ ಆಡುವ ದಿನಗಳು ಅವು. ಆಯುಧಪೂಜೆ ಆ ನಡುವೆಯೇ ಬೀಳುತ್ತದೆ. ಪೂಜೆಗೆ ಯಂತ್ರ ತೊಳೆಯಲೇಬೇಕು. ಹೀಗಾಗಿ ವರ್ಷದಲ್ಲಿ ಯಂತ್ರದ ಮೇಲೆ ಅತಿ ಹೆಚ್ಚು ಕೈಯಾಡುವ ದಿನವೂ, ಲಾಗ್‌ಬುಕ್ಕು ಮುಟ್ಟಬಾರದ ದಿನವೂ ನಮ್ಮಲ್ಲಿ ಒಂದೇ. ಹನ್ನೊಂದು ವರ್ಷ ಹಾಗೇ ನಡೆದಿತ್ತು, ಯಾರಿಗೂ ಅದರಲ್ಲಿ ಐಬು ಕಂಡಿರಲಿಲ್ಲ.

ಆ ಉಕ್ಕಿನ ಬಳೆ ಕೈಬಳೆಗಿಂತ ಸ್ವಲ್ಪ ಚಿಕ್ಕದು, ದಪ್ಪ. ಸಿಲಿಕಾನ್ ಚೂರನ್ನು ನಾಲ್ಕೂ ಕಡೆ ಒತ್ತಿ ಹಿಡಿದುಕೊಂಡಿರುತ್ತಿತ್ತು; ಅದರ ಒಳಅಂಚು ಚೂರಿನ ಸುತ್ತ ಕಟ್ಟೆಯ ಹಾಗೆ ನಿಂತಿರುತ್ತಿತ್ತು. ಸ್ಕ್ರೂ ತಿರುಗಿಸುವಾಗ ಸ್ಪ್ಯಾನರ್ ಜಾರಿ ನನ್ನ ಎಡಗೈ ತೋರುಬೆರಳು ಕೊಯ್ದುಕೊಂಡಿತು. ಸಾಕಪ್ಪ ನಿನ್ನ ಸಹವಾಸ ಎಂದು ಬಳೆ ಕಿತ್ತು, ಕಪಾಟಿನಲ್ಲಿ ಹೊಸದಾಗಿ ಬಂದು ಕೂತಿದ್ದ ಗ್ರಾಫೈಟ್ ತಟ್ಟೆ ಹಾಕಿದೆ. ಸಿಲಿಕಾನಿನ ಬೆನ್ನಿಗೆ ಒಂದು ತೊಟ್ಟು ಕಾರ್ಬನ್ ಪೇಸ್ಟ್ ಹಚ್ಚಿ ತಟ್ಟೆಯ ಮೇಲೆ ಅಂಟಿಸಿದರಾಯಿತು. ಸ್ಕ್ರೂ ಇಲ್ಲ, ತಾಪತ್ರಯ ಇಲ್ಲ. ಬಳೆಯನ್ನು ಹಳೆ ಬಿಸ್ಕತ್ತಿನ ಡಬ್ಬಕ್ಕೆ ಹಾಕಿದೆ. ದಶಮಿಯ ದಿನ ಪುಸ್ತಕ ಎತ್ತಿದಾಗ ಬರೆಯೋಣ ಎಂದುಕೊಂಡೆ.

ವಿಜಯದಶಮಿಯ ದಿನ ಮೈಸೂರಿನಲ್ಲಿ ಬೆಳಿಗ್ಗೆಯೇ ರಸ್ತೆಗಳಿಗೆ ಅಡ್ಡಗಟ್ಟೆ ಬೀಳುತ್ತವೆ, ಮೆರವಣಿಗೆಗೆ. ಲಕ್ಷ್ಮೀಪುರಂಗೆ ವಾಪಸ್ಸು ಸೇರಬೇಕಾದರೆ ಬೇಗ ಹೊರಡಬೇಕು. ಎಂಟು ಗಂಟೆಗೆ ಹೋಗಿ ದೀಪ ಹಚ್ಚಿ, ಪುಸ್ತಕ ಎತ್ತಿ ಕಣ್ಣಿಗೊತ್ತಿಕೊಂಡು, ಹೊಸ ಪುಟದಲ್ಲಿ "ಶ್ರೀ" ಬರೆದೆ. ಅದರ ಕೆಳಗೆ ಒಂದೇ ಸಾಲು: "ಯಂತ್ರ ಶುಚಿ ಮಾಡಿ ಪೂಜೆ ಮಾಡಲಾಯಿತು." ಹೊರಗೆ ನಮ್ಮೆಜಮಾನರು ಸ್ಕೂಟರಿನ ಹಾರನ್ ಒತ್ತುತ್ತಿದ್ದರು. ಪುಸ್ತಕ ಮುಚ್ಚಿದೆ.

ನವೆಂಬರಿನಲ್ಲಿ ಜರ್ನಲ್ಲಿನಿಂದ ಪತ್ರ ಬಂತು. ಕೆಲಸ ಚೆನ್ನಾಗಿದೆ, ಆದರೆ ಬೇರೆಬೇರೆ ಸಮಯಕ್ಕೆ ಬೀಮ್ ಹೊಡೆದು ಚುಕ್ಕಿ ಹೇಗೆ ಬೆಳೆಯುತ್ತವೆ ತೋರಿಸಿ ಎಂದು. ಅದೇನು ಮಹಾ ಎಂದು ಭಾಗ್ಯ ಕೂತಳು. ಹತ್ತು ನಿಮಿಷ ಹೊಡೆದಳು. ನುಣುಪು. ಇಪ್ಪತ್ತು ನಿಮಿಷ. ನುಣುಪು. ನಲವತ್ತು. ಅಂಗೈಯಲ್ಲಿ ಎಣ್ಣೆ ಸವರಿದಂತೆ ನುಣುಪು. ಎಎಫ್‌ಎಂ ಮೊನೆ ಮೊಂಡಾಗಿದೆಯೇನೋ ಎಂದು ಹೊಸದು ಹಾಕಿದಳು. ಹಳೆಯ ಮೂರು ಸ್ಯಾಂಪಲ್ ಇಟ್ಟು ನೋಡಿದರೆ ಅವುಗಳಲ್ಲಿ ಚುಕ್ಕಿ ಹಾಗೇ ಇವೆ. ಹೊಸದರಲ್ಲಿ ಒಂದೂ ಇಲ್ಲ. ಒಂದೇ ಯಂತ್ರ, ಅದೇ ಅಂಕಿ. ಹದಿನೈದು ಸ್ಯಾಂಪಲ್ ಮುಗಿಯಿತು.

ಒಂದು ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಅವಳು ಕೇಳಿದಳು. "ಗಿರಿಜಕ್ಕ, ಒಳಗಡೆ ಏನಾದ್ರೂ ಬದ್ಲಾಯ್ಸಿದ್ರಾ?"

ನಾನು ಕೈ ತೊಳೆದು ಬಂದು ಲಾಗ್‌ಬುಕ್ ತೆಗೆದೆ. ಆಗಸ್ಟಿನ ಪುಟ, ನವೆಂಬರಿನ ಪುಟ ಅಕ್ಕಪಕ್ಕ ಹಿಡಿದೆ. ಐದೂ ಕಾಲಂ ಬೆರಳಿಟ್ಟು ತೋರಿಸಿದೆ. "ನೋಡು, ಎಲ್ಲಾ ಅದೇ. ಇದರಲ್ಲಿ ಇಲ್ಲ ಅಂದ್ರೆ ಆಗಿಲ್ಲ ಕಣಮ್ಮ."

ಆ ತಟ್ಟೆಯ ಮೇಲೆ ದಿನಾ ಸ್ಯಾಂಪಲ್ ಅಂಟಿಸುತ್ತಿದ್ದವಳು ನಾನೇ. ಬೆರಳಿನ ಗಾಯದ ಗುರುತು ಇನ್ನೂ ಹೋಗಿರಲಿಲ್ಲ. ಹಾಗಾದರೆ ಸುಳ್ಳು ಹೇಳಿದೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಪ್ರಯೋಗ ಎಂದರೆ ನನಗೆ ಆ ಐದು ಕಾಲಂ. ತಟ್ಟೆ, ಬಳೆ ಇವೆಲ್ಲ ಸೌಟು ಇಕ್ಕಳದ ಜಾತಿ. ಅಡುಗೆಯ ಲೆಕ್ಕಕ್ಕೆ ಬರುವಂಥವಲ್ಲ. ಅವಳು ಬದಲಾಯಿಸಿದಿರಾ ಎಂದು ಕೇಳಿದಾಗ ತಟ್ಟೆ ನನ್ನ ಮನಸ್ಸಿನ ಹತ್ತಿರವೂ ಸುಳಿಯಲಿಲ್ಲ.

ಡಿಸೆಂಬರಿನಲ್ಲಿ ಪ್ರೊಫೆಸರ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಅವರು ಕೂಗಾಡುವ ಮನುಷ್ಯರಲ್ಲ. ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಮೆತ್ತಗೆ ಹೇಳಿದರು.

"ಚುಕ್ಕಿ ಇವೆ, ಅದನ್ನ ಅಲ್ಲಗಳೀತಿಲ್ಲ. ಆದ್ರೆ ನೀನು ಹೇಳಿದ ರೀತೀಲಿ ಅವು ಹುಟ್ಟಿಲ್ಲ ಭಾಗ್ಯ. ಕೋನ ತಿರುಗಿಸಿದ್ಯೋ, ಶಕ್ತಿ ಜಾಸ್ತಿ ಇಟ್ಟಿದ್ಯೋ. ಬಾಯಲ್ಲಿ ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು. ಈಗ ಹೇಳಿಬಿಡಮ್ಮ, ತಿದ್ದಿಕೊಳ್ಳೋಣ."

"ಇಲ್ಲ ಸಾರ್. ಹೇಳಿದ್ದೇ ಮಾಡಿದ್ದು."

ಅವರು ನನ್ನ ಕಡೆ ತಿರುಗಿದರು. "ಗಿರಿಜಮ್ಮ, ನಿಮ್ಮ ಪುಸ್ತಕ ಏನನ್ನುತ್ತೆ? ಯಂತ್ರದಲ್ಲಿ ಏನಾದರೂ ಬದಲಾವಣೆ?"

"ಏನೂ ಇಲ್ಲ ಸರ್" ಎಂದೆ. ಅದನ್ನು ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆಯಿತ್ತು. ಅದೇ ಈಗ ಚುಚ್ಚುವುದು.

"ಗಿರಿಜಮ್ಮನ ಪುಸ್ತಕ ಸುಳ್ಳು ಹೇಳಲ್ಲ" ಎಂದರು ಪ್ರೊಫೆಸರ್, ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುತ್ತಾ.

ಭಾಗ್ಯ ನನ್ನನ್ನು ನೋಡಿದಳು. "ಹಂಗಾದ್ರೆ ಸುಳ್ಳಿ ನಾನೇ ಅಂತಾಯ್ತು ಬುಡಿ" ಎಂದಳು. ಅಳಲಿಲ್ಲ. ಆ ವಾರವೇ ಪೇಪರನ್ನು ವಾಪಸ್ಸು ತೆಗೆದುಕೊಂಡರು.

ಸಂಕ್ರಾಂತಿಯ ದಿನ ಎಳ್ಳು ಬೀರಲು ಲಕ್ಷ್ಮೀಪುರಂನ ನಮ್ಮ ಮನೆಗೆ ಬಂದಳು. ಹೊಸ ಸೀರೆ. ನನ್ನ ಅತ್ತೆಗೆ ನಮಸ್ಕಾರ ಮಾಡಿದಳು. ಗಂಡು ಗೊತ್ತಾಗಿದೆ, ಬಿ.ಎಡ್. ಮಾಡಿಸುತ್ತಾರಂತೆ, ಲ್ಯಾಬಿಗೆ ಇನ್ನು ಬರುವುದಿಲ್ಲ ಎಂದಳು. ತಟ್ಟೆ ನನ್ನ ಕೈಗಿಟ್ಟು ಅಂದಳು: "ಎಳ್ಳು ಬೆಲ್ಲ ತಿನ್ನಿ ಗಿರಿಜಕ್ಕ. ಒಳ್ಳೆ ಮಾತು ನಾನೇ ಆಡ್ಬುಟ್ಟು ಹೋಗ್ತೀನಿ, ನೀವು ಪುಸ್ತಕದಲ್ಲಿ ನೋಡಿ ಆಡೋ ಹೊತ್ಗೆ ಕತ್ಲಾಗ್ತದೆ." ಅತ್ತೆ ನಕ್ಕರು. ಅವರಿಗೆ ಅದು ತಮಾಷೆಯೆಂದೇ ಕೇಳಿಸಿತು.

ವರ್ಷಗಳು ಹೋದವು. ಸೋಮವಾರದ ಮೊಸರು ನಿಂತಿತು. ಪ್ರೊಫೆಸರ್ ನಿವೃತ್ತರಾದರು, 2007ರಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಮಂಜುನಾಥ್ ಎಂಬ ಯುವ ಅಧ್ಯಾಪಕರು ಬಂದರು. 2009ರಲ್ಲಿ ಒಂದು ದಿನ ಅವರು ಎಂಎಸ್‌ಸಿ ಮಕ್ಕಳಿಗೆ ಅಯಾನ್ ಬೀಮ್ ಬಗ್ಗೆ ಸೆಮಿನಾರ್ ಕೊಡುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಟೀ ಜೊತೆಗೆ ಕೊಡುವ ಬಿಸ್ಕತ್ತು ತಲಾ ಎರಡರಂತೆ ಜೋಡಿಸುತ್ತಿದ್ದೆ. ಅವರು ಹೇಳಿದ್ದು ಇಷ್ಟು: "ಇತ್ತೀಚೆಗೆ ಗೊತ್ತಾಗಿರೋದು ಏನು ಅಂದ್ರೆ, ತುಂಬಾ ಶುದ್ಧವಾಗಿ ಇಟ್ಕೊಂಡು ನೇರ ಹೊಡೆದ್ರೆ ಸಿಲಿಕಾನ್ ನುಣುಪಾಗೇ ಉಳಿಯುತ್ತೆ. ಚುಕ್ಕಿ ಬಂತು ಅಂದ್ರೆ ಪಕ್ಕದಿಂದ ಎಲ್ಲೋ ಚೂರು ಲೋಹ ಬೀಳ್ತಾ ಇದೆ ಅಂತ ಅರ್ಥ. ಎಷ್ಟೋ ಸಲ ಸ್ಯಾಂಪಲ್ ಹಿಡ್ಕೊಂಡಿರೋ ಉಕ್ಕಿನ ಕ್ಲಿಪ್ಪಿನಿಂದಾನೇ."

ನನ್ನ ಎಣಿಕೆ ತಪ್ಪಿತು. ಅವತ್ತು ಕೆಲವರಿಗೆ ಮೂರು ಬಿಸ್ಕತ್ತು ಸಿಕ್ಕಿತು, ಕೆಲವರಿಗೆ ಒಂದೂ ಇಲ್ಲ.

ಮನೆಯಲ್ಲಿ ನನ್ನದೊಂದು ಡೈರಿ ಇದೆ. ಮದುವೆಯಾದಾಗಿನಿಂದ ಬರೆಯುತ್ತಿದ್ದೇನೆ. ದಿನಾ ಮೂರು ಸಾಲು: ಏನು ಕೆಲಸ, ಏನು ಊಟ, ಯಾರು ಮೊದಲು ಮಲಗಿದರು. ಅತ್ತೆಗೆ ನಿದ್ದೆಯ ಕಾಯಿಲೆ ಇದ್ದುದರಿಂದ ಶುರುವಾದ ಅಭ್ಯಾಸ. ಅಡುಗೆಮನೆಯ ಪುಸ್ತಕವಾದ್ದರಿಂದ ಅದನ್ನು ಸರಸ್ವತಿಯ ಮುಂದೆ ಯಾರೂ ಇಟ್ಟವರಲ್ಲ, ನವರಾತ್ರಿಯಲ್ಲೂ ಬರೆಯುತ್ತಿದ್ದೆ. ಅಟ್ಟದಿಂದ 2002ರದ್ದು ತೆಗೆಸಿದೆ. "ಲ್ಯಾಬ್ ಶುಚಿ. ಬಳೆ ಬಿಚ್ಚುವಾಗ ಎಡಗೈ ತೋರುಬೆರಳು ಕೊಯ್ದುಕೊಂಡೆ, ಅರಿಶಿನ ಹಚ್ಚಿದೆ. ರಾತ್ರಿ ಅನ್ನ, ಮೂಲಂಗಿ ಹುಳಿ. ಮೊದಲು ಮಲಗಿದ್ದು ಅತ್ತೆ." ಗಾಯ ಬರೆದಿದ್ದೆ. ಮೂಲಂಗಿ ಬರೆದಿದ್ದೆ. ಬಳೆ ಎಲ್ಲಿ ಬರೆಯಬೇಕಿತ್ತೋ ಅಲ್ಲಿ ಬರೆದಿರಲಿಲ್ಲ.

"ಏನು ಓದ್ತಿದ್ದೀಯೇ ಅಷ್ಟೊಂದು?" ಎಂದು ಯಜಮಾನರು ಕೇಳಿದರು.

"ಮೂಲಂಗಿ ಹುಳಿ ಮಾಡಿದ್ದು" ಎಂದೆ.

"ಏಳು ವರ್ಷದ ಹುಳೀನಾ? ಹಳಸಿರುತ್ತೆ ಬಿಡು."

ಹುಳಿ ಎಂದ ಕೂಡಲೇ ನನಗೆ ಇನ್ನೊಂದು ಹೊಳೆಯಿತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂದು ನನಗೆ ಎಂಟು ವರ್ಷದವಳಿದ್ದಾಗಲೇ ಗೊತ್ತು. ಬೇಳೆ ಅದೇ, ಉಪ್ಪು ಅದೇ, ಕುದಿಸಿದ ಹೊತ್ತೂ ಅದೇ. ಆದರೂ ಕಿಲುಬು ಇಳಿದು ಸಾರು ಕೆಡುತ್ತದೆ. ಪಾತ್ರೆಯೂ ಅಡುಗೆಯೊಳಗೆ ಸೇರುತ್ತದೆ. ಒಲೆಯ ಮುಂದೆ ಗೊತ್ತಿದ್ದದ್ದು ಚೇಂಬರಿನ ಮುಂದೆ ನನಗೆ ಗೊತ್ತಾಗಲಿಲ್ಲ. ಅಲ್ಲಿ ಬಳೆಯ ಅಂಚಿಗೂ ಆರ್ಗಾನ್ ಬಡಿದು, ಉಕ್ಕಿನ ಕಣಗಳು ಎಗರಿ ಸಿಲಿಕಾನಿನ ಮೇಲೆ ಬೀಳುತ್ತಿದ್ದವು. ಚುಕ್ಕಿ ಕಟ್ಟಿದ್ದು ಆ ಕಿಲುಬಿನಿಂದ.

ಮರುದಿನ ಬಿಸ್ಕತ್ತಿನ ಡಬ್ಬ ತೆಗೆದು ಮಂಜುನಾಥರ ಮುಂದೆ ಇಟ್ಟೆ, ಎಲ್ಲ ಹೇಳಿದೆ. ಅವರು ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಕಿ ಮೇಡಂ, ನೋಡೇ ಬಿಡೋಣ" ಎಂದರು. ಹೊಸ ಸ್ಕ್ರೂ ಹಾಕಿಸಿ ಬಳೆ ಕೂರಿಸಿದೆ. ಸಾವಿರ ಎಲೆಕ್ಟ್ರಾನ್‌ವೋಲ್ಟ್, ನೇರ, ಇಪ್ಪತ್ತು ನಿಮಿಷ. ಗುರುವಾರ ಸಂಜೆ ನಾಲ್ಕೂವರೆಗೆ ಪರದೆಯ ಮೇಲೆ ಭಾಗ್ಯನ ರವೆ ಉಂಡೆಗಳು ಒಂದೊಂದೇ ಸಾಲು ಮೂಡಿದವು. ನನ್ನನ್ನು ಕೈ ಹಿಡಿದು ಎಳೆಯುವವರು ಯಾರೂ ಇರಲಿಲ್ಲ.

ಭಾನುವಾರ ವಿಳಾಸ ಹುಡುಕಿಕೊಂಡು ದಟ್ಟಗಳ್ಳಿಗೆ ಹೋದೆ. ಹೊಸ ಬಡಾವಣೆ, ಅಡ್ಡರಸ್ತೆಗಳೆಲ್ಲ ಒಂದೇ ಥರ. ಭಾಗ್ಯ ಗೇಟಿನಲ್ಲಿ ರಂಗೋಲಿಯ ಪುಡಿ ಹಿಡಿದು ನಿಂತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾಳೆ.

"ಅಯ್ಯೋ ಗಿರಿಜಕ್ಕ! ಏನ್ ದಾರಿ ತಪ್ಪಿ ಬಂದ್ಬುಟ್ರಾ?"

ಕಾಫಿಗೂ ಕಾಯದೆ ಹೇಳಿಬಿಟ್ಟೆ. ಎರಡು ಚಿತ್ರ ಮುಂದಿಟ್ಟೆ. "ಇದು ನಿಂದು, ಆಗಸ್ಟಿನದು. ಇದು ಹೋದ ಗುರುವಾರದ್ದು. ಬಳೆ ಇದ್ರೆ ಬರುತ್ತೆ, ತೆಗೆದ್ರೆ ಬರಲ್ಲ. ತೆಗೆದವಳು ನಾನು ಭಾಗ್ಯ."

ಅವಳು ಚಿತ್ರದ ಮೇಲೆ ಬಗ್ಗಿದಳು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು. ಆಮೇಲೆ, "ಸ್ಟೇನ್‌ಲೆಸ್ ಸ್ಟೀಲಾ?" ಎಂದಳು.

"ಹೂಂ."

"ಕಬ್ಬಿಣ ಬೀಳ್ತಿತ್ತು ಅನ್ನಿ. ಅಯ್ಯಯ್ಯೋ, ತಡೀರಿ, ಅಂಚಿನ ಹತ್ರ ಚುಕ್ಕಿ ಒತ್ತಾಗಿ ಇರ್ತಿದ್ವು, ನಡುಮಧ್ಯ ತೆಳು. ನಾನು ಗಮನಿಸಿದ್ದೆ ಕಣಕ್ಕ! ಬೀಮೇ ಸಮ ಇಲ್ಲ ಅಂದ್ಕೊಂಡಿದ್ದೆ. ಬಳೆ ಹತ್ರ ಜಾಸ್ತಿ ಬಿದ್ರೆ ಹಂಗೇ ತಾನೇ ಆಗ್ಬೇಕು!"

ಒಂದು ನಿಮಿಷ, ನಿಜವಾಗಿಯೂ ಒಂದೇ ನಿಮಿಷ, ಪಂಪಿಗೆ ಬೈಯುತ್ತಿದ್ದ ಹುಡುಗಿ ಅಲ್ಲಿ ಕೂತಿದ್ದಳು. ಆಮೇಲೆ ಅವಳು ಚಿತ್ರಗಳನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕೇಳಿದ್ನಲ್ಲ ಅಕ್ಕ. ಒಳಗಡೆ ಏನಾದ್ರೂ ಬದ್ಲಾಯ್ಸಿದ್ರಾ ಅಂತ."

"ಕೇಳಿದ್ದೆ."

"ನೀವು ಒಳಗೆ ನೋಡ್ಲಿಲ್ಲ. ಪುಸ್ತಕ ನೋಡಿದ್ರಿ."

ತಪ್ಪಾಯಿತು ಎಂದೆ.

"ಸರ್‌ಗೆ ಹೇಳಿದ್ರಾ?"

"ಸರ್ ಹೋಗಿ ಎರಡು ವರ್ಷ ಆಯ್ತಮ್ಮ."

ಅವಳಿಗೆ ಗೊತ್ತಿರಲಿಲ್ಲ. ಸೆರಗಿನಲ್ಲಿ ಕೈಗಂಟಿದ ರಂಗೋಲಿ ಪುಡಿ ಒರೆಸಿಕೊಂಡಳು. "ಹಂಗಾದ್ರೆ ಅವ್ರ ಮನಸ್ನಲ್ಲಿ ನಾನು ಸುಳ್ಳಿಯಾಗೇ ಉಳ್ಕೊಂಬುಟ್ಟೆ" ಎಂದಳು.

ವಾಪಸ್ಸು ಬಂದು ಪಿಎಚ್‌ಡಿ ಮುಗಿಸಬಹುದಲ್ಲ, ಆ ಪೇಪರನ್ನೂ ಮತ್ತೆ ಜರ್ನಲ್ಲಿಗೆ ಕಳಿಸಬಹುದು, ಮಂಜುನಾಥರಿಗೆ ಹೇಳುತ್ತೇನೆ ಎಂದೆ. ಅವಳು ನಕ್ಕಳು. "ಎಂಟನೇ ಕ್ಲಾಸಿನ ಪೇಪರ್ ಐವತ್ತೆರಡು ತಿದ್ದೋದಿದೆ ಅಕ್ಕ ಒಳಗೆ. ಈಗ ನಾನು ಬೇರೆಯವಳು." ಕಾಫಿ ಕೊಟ್ಟಳು. ಅವಳ ಗಂಡ ಒಳ್ಳೆಯವರಂತೆ. ಅದನ್ನು ಎರಡು ಸಲ ಹೇಳಿದಳು. ಗೇಟಿನ ತನಕ ಬಂದವಳು, ನಾನು ಚಪ್ಪಲಿ ಮೆಟ್ಟುವಾಗ ಹೇಳಿದಳು: "ಪೇಪರ್‌ನಲ್ಲಿ ನನ್ನ ಹೆಸರು ಬೇಡ. ನಿಮ್ಮ ಪುಸ್ತಕದಲ್ಲಿ ಬರೀರಿ. ಅದೇ ಪುಟದಲ್ಲಿ. ಶ್ರೀ ಅಂತ ಬರ್ದಿದ್ದೀರಲ್ಲ, ಅದರ ಕೆಳಗೆ."

ಸೋಮವಾರ ಹಳೆಯ ಲಾಗ್‌ಬುಕ್ ತೆಗೆದು ಬರೆದೆ. ಆ ಪುಟದಲ್ಲಿ ಜಾಗ ಸಾಲದೆ ಅಂಚಿಗೂ ಹತ್ತಿತು. ಈ ಬರಹದ ಮೊದಲಿಗೆ ಇರುವ ಪಟ್ಟಿ ಅದೇ. ಕೆಳಗೆ, "ತಡವಾಗಿ ಬರೆದದ್ದು. ಆಗಸ್ಟಿನಲ್ಲಿ ಭಾಗ್ಯ ಹೇಳಿದ ಅಂಕಿಗಳೆಲ್ಲ ಸರಿ" ಎಂದು ಸೇರಿಸಿ ಸಹಿ ಹಾಕಿದೆ. ಮಂಜುನಾಥರೂ ಸಹಿ ಹಾಕಿದರು. ಈಗಿನ ಲಾಗ್‌ಬುಕ್ಕಿಗೆ ಸ್ಕೇಲಿಟ್ಟು, ಬಳೆಯೋ ತಟ್ಟೆಯೋ ಎಂದು ಬರೆಯಲು ಆರನೆಯ ಕಾಲಂ ಎಳೆದೆ. ಎಳೆಯುವಾಗಲೇ ಗೊತ್ತಿತ್ತು, ಆರಕ್ಕೆ ಸಿಕ್ಕದ ಏಳನೆಯದು ಒಂದು ಎಲ್ಲೋ ಇದ್ದೇ ಇರುತ್ತದೆ ಎಂದು. ಈ ಕೆಲಸ ನನಗೆ ಕಲಿಸಿದ್ದು ಒಂದೇ: ಯಾರಾದರೂ ಬಂದು ಏನಾದರೂ ಬದಲಾಗಿದೆಯೇ ಎಂದು ಕೇಳಿದರೆ, ಬರೆದದ್ದನ್ನು ತೋರಿಸುವ ಮೊದಲು ಮುಚ್ಚಳ ತೆಗೆದು ನೋಡಬೇಕು. ಎರಡು ನಿಮಿಷದ ಕೆಲಸ. ಈಗ ದಸರೆಯಲ್ಲಿ ಪುಸ್ತಕವನ್ನು ಯಂತ್ರ ತೊಳೆದು, ಎಲ್ಲ ಬರೆದಾದ ಮೇಲೆಯೇ ಪೂಜೆಗೆ ಇಡುತ್ತೇವೆ. ಸರಸ್ವತಿ ಅದಕ್ಕೆ ಬೇಸರ ಮಾಡಿಕೊಂಡಂತಿಲ್ಲ.

ಅಂದು ಮನೆಯ ಡೈರಿಯಲ್ಲಿ ಬರೆದದ್ದು: "ಲ್ಯಾಬಿನ ಹಳೆ ಪುಟ ತುಂಬಿಸಿದೆ. ರಾತ್ರಿ ಅನ್ನ, ಅಲ್ಯೂಮಿನಿಯಂ ಪಾತ್ರೆಯಲ್ಲಿ. ಹುಣಸೆ ಗೊಜ್ಜು, ಕಲ್ಚಟ್ಟಿಯಲ್ಲಿ. ಮೊಸರು ಅಂಗಡಿಯದು. ಮೊದಲು ಮಲಗಿದ್ದು ಯಜಮಾನರು, ಆಮೇಲೆ ಅತ್ತೆ."